ಜೇವರ್ಗಿಯ ವಾರ್ಡಿನ ಇಬ್ಬರು ಗುರುಬಾಯಿಯರು

ಆಳಂದದಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಟೆ. ಕೊಳಕೂರಿನ ನನ್ನ ಚಿಗವ್ವ ಗುರುಬಾಯಿಯನ್ನು ಪಿತ್ತಕೋಶದ ಕಲ್ಲಿನ ಆಪರೇಷನ್ನಿಗೆಂದು ಹಿಂದಿನ ಸಂಜೆ ಜೇವರ್ಗಿಯ ಹೊಸ ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದರು. "ಇಲ್ಲಿ ಎಲ್ಲಾ ಮಷೀನ್ ಮ್ಯಾಲ ನಡೀತದ, ನೀ ಲಗೂನ ಬಾ," ಎಂದು ಫೋನಿನಲ್ಲಿ ಹೇಳಿದ ಆಕೆಯ ದನಿಯಲ್ಲಿ ಅಂಜಿಕೆ ಇತ್ತು. ನನಗೂ ಅನುಮಾನ ಹತ್ತಿಕೊಂಡಿತು. ಬಟ್ಟೆ ಅಂಗಡಿ ನಡೆಸುವವಳು ನಾನು. ಹೊಸ ಯಂತ್ರ ಬಂದಲ್ಲೆಲ್ಲ ಬಿಲ್ಲು ಉದ್ದವಾಗುವುದನ್ನು ಕಂಡವಳು.

ಕಲಬುರಗಿಯಲ್ಲಿ ಬಸ್ಸು ಬದಲಿಸಿದೆ. ಹೆಂಗಸರಿಗೆ ಟಿಕೆಟ್ಟು ಪುಕ್ಕಟೆ, ಸೀಟು ಮಾತ್ರ ಸಿಗುವುದಿಲ್ಲ. ಆಧಾರ್ ಕಾರ್ಡು ತೋರಿಸಿ ನಿಂತುಕೊಂಡೇ ಹೋದೆ. ಭೀಮಾ ಸೇತುವೆ ದಾಟುವಾಗ ಹೊಳೆಯಲ್ಲಿ ನೀರಿಗಿಂತ ಮರಳೇ ಹೆಚ್ಚು ಕಂಡಿತು. ಕಿಟಕಿಯ ಸರಳುಗಳು ಆಗಲೇ ಬಿಸಿಲಿಗೆ ಸುಡುತ್ತಿದ್ದವು. ಜೇವರ್ಗಿಯಲ್ಲಿ ಇಳಿದು ಒಂದು ಚಹಾ ಕುಡಿದು, ಎರಡು ಮಿರ್ಚಿ ಭಜಿ ತಿಂದು ಆಟೊ ಹತ್ತಿದೆ.

ವಾರ್ಡಿನಲ್ಲಿ ಚಿಗವ್ವ ಹೊದಿಕೆಯೊಳಗಿನಿಂದ ಕೈ ತೆಗೆದು ತೋರಿಸಿದಳು. ಮಣಿಕಟ್ಟಿಗೊಂದು ಪ್ಲಾಸ್ಟಿಕ್ ಪಟ್ಟಿ. ಅದರ ಮೇಲೆ ಹೆಸರು, ಕಪ್ಪು ಗೆರೆಗಳು. "ನೋಡವ್ವ, ದನಕ್ಕ ಕಿವಿಗಿ ಬಿಲ್ಲೆ ಹೊಡದಂಗ ಹೊಡದಾರ."

ನರ್ಸ್ ಸವಿತಾ ನಕ್ಕು ತಿಳಿಸಿ ಹೇಳಿದಳು. ಕೈಯಲ್ಲಿ ಹಿಡಿಯುವ ಸ್ಕ್ಯಾನರ್ ಈ ಪಟ್ಟಿಯನ್ನೂ ಔಷಧಿಯ ಚೀಟಿಯನ್ನೂ ಓದುತ್ತದೆ. ಎರಡೂ ಒಬ್ಬರದೇ ಆದರೆ ಹಸಿರು ದೀಪ, ಬೇರೆಯಾದರೆ ಕೆಂಪು. "ಒಬ್ರ ಔಷಧ ಇನ್ನೊಬ್ರಿಗಿ ಹೋಗಬಾರ್ದು ಅಂತ ತಂದಾರ್ರಿ. ನಿಮ್ಮ ಚಿಗವ್ವನ ಹೆಸರಿನಾಕಿನೇ ಇನ್ನೊಬ್ಬಾಕಿ ಅದಾಳ, ಅಫಜಲಪುರದಾಕಿ." ಕೊನೆಯ ಮಂಚದಲ್ಲಿ ಒಬ್ಬ ದಪ್ಪನೆಯ ಹೆಂಗಸು ಕಾಲಿಗೆ ಬ್ಯಾಂಡೇಜ್ ಸುತ್ತಿಸಿಕೊಂಡು ಮಲಗಿದ್ದಳು.

ನಾನು ನಂಬಲಿಲ್ಲ. ಆ ಯಂತ್ರ ಒಂದೊಂದು ಸಲ ಟಿಂಯ್ ಎಂದಾಗಲೂ ಬಿಲ್ಲು ಏರುತ್ತದೆ ಎಂದುಕೊಂಡು ಅದರ ಮೇಲೆಯೇ ಕಣ್ಣಿಟ್ಟು ಕುಳಿತೆ.

ಊಟದ ಹೊತ್ತಿಗೆ ಸ್ವಲ್ಪ ಮುಂಚೆ ಸವಿತಾ ಟ್ರಾಲಿ ತಳ್ಳಿಕೊಂಡು ಅವಸರದಲ್ಲಿ ಬಂದಳು. ಆಗ ಇಡೀ ವಾರ್ಡಿಗೆ ಆಕೆಯೊಬ್ಬಳೇ. "ಗುರುಬಾಯಿ?" ಎಂದಳು. "ಹೂಂ," ಎಂದಳು ಚಿಗವ್ವ. ಟಿಂಯ್ ಎಂದಿತು, ಹಸಿರು ದೀಪ ಬಂತು. ಸವಿತಾ ಸೂಜಿ ಎತ್ತಿಕೊಂಡಳು. ಆದರೆ ಚಿಗವ್ವನ ಕೈ ಹೊದಿಕೆಯೊಳಗೇ ಇತ್ತು.

"ನಿಂದರ್ರಿ," ಎಂದೆ. "ಕೈ ಹೊರಗ ಬಂದೇ ಇಲ್ಲ. ಯಾತರ ಮ್ಯಾಲ ಹಿಡಿದ್ರಿ ಅದನ್ನ?"

ಆಕೆ ಟ್ರಾಲಿಯ ಅಂಚು ತೋರಿಸಿದಳು. ಅಲ್ಲಿ ರೋಗಿಗಳ ಕೈಪಟ್ಟಿಗಳ ನಕಲುಗಳನ್ನು ಸಾಲಾಗಿ ಅಂಟಿಸಿದ್ದರು. "ಕೈಯಾಗಿಂದು ತೊಯ್ದ್ರ ಓದಂಗಿಲ್ರಿ. ಇದೂ ಅದೇ, ಏನ್ ಫರಕಿಲ್ಲ."

"ಫರಕಿಲ್ಲಂದ್ರ ಕೈ ಮ್ಯಾಲೇ ಹಿಡೀರಿ. ಅಲ್ಲೀತನಕ ಸೂಜಿ ಬ್ಯಾಡ."

ಸಿಡುಕುತ್ತಲೇ ಹಿಡಿದಳು. ಕೆಂಪು ದೀಪ ಹತ್ತಿ ಯಂತ್ರ ಕಿರಿಚಿಕೊಂಡಿತು. ಸವಿತಾಳ ಮುಖ ಬಿಳಿಚಿತು. ಸೂಜಿಯಲ್ಲಿದ್ದದ್ದು ಅಫಜಲಪುರದ ಗುರುಬಾಯಿಯ ಇನ್ಸುಲಿನ್. ಟ್ರಾಲಿಯ ಮೇಲೆ ಆಕೆ ಓದಿಸಿದ ನಕಲೂ ಅವಳದೇ. ನನ್ನ ಚಿಗವ್ವನಿಗೆ ಸಕ್ಕರೆ ಕಾಯಿಲೆಯೇ ಇಲ್ಲ. ಮೇಲಾಗಿ ಆಪರೇಷನ್ನಿಗೆಂದು ರಾತ್ರಿಯಿಂದ ಉಪವಾಸ. ಖಾಲಿ ಹೊಟ್ಟೆಗೆ ಅದು ಹೋಗಿದ್ದರೆ ಜೀವಕ್ಕೇ ಕುತ್ತು. ಬಿಲ್ಲಿಗೆ ಹೆದರಿ ಕಾವಲು ಕುಳಿತವಳಿಗೆ ಕಂಡದ್ದು ಇದು.

"ಅಕ್ಕಾರ, ಯಾರಿಗೂ ಹೇಳಬ್ಯಾಡ್ರಿ, ನೌಕರಿ ಹೋಗ್ತದ," ಎಂದು ಸವಿತಾ ಕೈ ಮುಗಿದಳು.

ಚಿಗವ್ವನೇ ಹೇಳಿದಳು: "ನಾ ಉಳದೀನಿ, ಖರೆ. ಆ ನಕಲು ಟ್ರಾಲಿ ಮ್ಯಾಲೇ ಇದ್ರ ನಾಳಿ ಇನ್ನೊಬ್ರು ಉಳೀತಾರೇನು? ಡಾಕ್ಟರಿಗಿ ನೀನೇ ಹೇಳು ತಂಗಿ, ನಮ್ಮ ಕಡಿಂದ ಹೇಳಸಬ್ಯಾಡ."

ಸವಿತಾ ಅಲ್ಲೇ ನಮ್ಮೆದುರು ಡಾಕ್ಟರಿಗೆ ಫೋನ್ ಮಾಡಿದಳು. ಅವರು ಬಂದು ಬೈಯುತ್ತಾರೆ ಎಂದುಕೊಂಡಿದ್ದೆ. ಆದರೆ ಒಂದೊಂದೇ ನಕಲನ್ನು ಉಗುರಿನಿಂದ ಕೆರೆದು ತೆಗೆದರು. "ಈಕಿ ಒಬ್ಬಾಕಿದೇ ತಪ್ಪಲ್ರಿ. ಇವನ್ನ ನಾನೂ ದಿನಾ ನೋಡ್ತಿದ್ದೆ, ಸುಮ್ಮನಿದ್ದೆ," ಎಂದರು. ತೊಯ್ದರೂ ಅಳಿಯದ ಪಟ್ಟಿ ತರಿಸುತ್ತೇವೆ, ಮಧ್ಯಾಹ್ನಕ್ಕೆ ಇನ್ನೊಬ್ಬ ನರ್ಸನ್ನು ಹಾಕುತ್ತೇವೆ ಎಂದೂ ಹೇಳಿದರು. ನಾನು ತಲೆಯಾಡಿಸಿದೆ. ಮನಸ್ಸು ಮಾತ್ರ ಒಪ್ಪಲಿಲ್ಲ. ನಾವು ಹೋದ ಮರುದಿನವೇ ನಕಲುಗಳು ಮತ್ತೆ ಅಂಟುತ್ತವೆ ಅನ್ನಿಸಿತು.

ಆಪರೇಷನ್ ಆ ಸಂಜೆ ಸುಸೂತ್ರವಾಗಿ ಆಯಿತು. ಮೂರನೆಯ ದಿನ ಮನೆಗೆ ಕಳಿಸಿದರು. ಹೊರಡುವ ಮುನ್ನ ಚಿಗವ್ವ ಅಫಜಲಪುರದ ಗುರುಬಾಯಿಯ ಮಂಚದ ಮೇಲೆ ಕುಳಿತು ಬಹಳ ಹೊತ್ತು ಏನೋ ಮಾತಾಡಿದಳು.

ಕೊಳಕೂರಿಗೆ ಹೋಗುವ ಜೀಪು ಕೆಳಗೆ ಕಾಯುತ್ತಿತ್ತು. ಬಾಗಿಲಲ್ಲಿ ತಿರುಗಿ ನೋಡಿದೆ. ಸವಿತಾ ಟ್ರಾಲಿ ತಳ್ಳಿಕೊಂಡು ಬರುತ್ತಿದ್ದಳು. ಆಕೆ ಇನ್ನೂ ದೂರವಿರುವಾಗಲೇ ಅಫಜಲಪುರದ ಗುರುಬಾಯಿ ಕೈ ಚಾಚಿಕೊಂಡು ಕುಳಿತಿದ್ದಳು. "ಮೊದ್ಲ ಕೈ, ಆಮ್ಯಾಲ ಸೂಜಿ," ಎಂದಳು.

ಹಸಿರು ದೀಪ ಬರುವತನಕ ನಾನು ಮೆಟ್ಟಿಲು ಇಳಿಯಲಿಲ್ಲ.