ಎದುರು ಮನೆಯವರ ಅಳತೆ

ಜಗಲಿ ಕಟ್ಟುವಾಗ ಮುನಿವೆಂಕಟಪ್ಪ ಮೇಸ್ತ್ರಿ ಟೇಪು ಮುಟ್ಟುತ್ತಿರಲಿಲ್ಲ. ಕಾಂಪೌಂಡಿನ ಹೊರಗೆ ಇಟ್ಟಿಗೆಗಳನ್ನು ಸುಮ್ಮನೆ ಜೋಡಿಸಿ, ಎದುರು ಮನೆಯವರನ್ನು ಕರೆದು ಕೂರಿಸುತ್ತಿದ್ದರು. ಮಾಲೂರಿನಲ್ಲಿ ನನ್ನ ಮನೆ ಏಳುವಾಗ ಹಾಗೆ ಕೂತು ನೋಡಿದವರು ಎದುರು ಮನೆಯ ಸರೋಜಮ್ಮ.

"ಕೂತ್ಕೊಳಮ್ಮಾ. ಕಾಲು ನೆಲಕ್ಕೆ ತಾಗ್ತದಾ?"

ಆಕೆ ತಲೆಯಾಡಿಸಿದ ಮೇಲೆಯೇ ಗಾರೆ ಬಿದ್ದದ್ದು. ಮನೆ ನನ್ನದು, ಅಳತೆ ಮಾತ್ರ ಅವರದೇ ಎಂದು ಗೊಣಗಿದೆ.

"ಒಳಗೆ ನಿನ್ನಿಷ್ಟ ಕಣಪ್ಪ. ಇದ್ರ ಮೇಲೆ ನೀನೆಲ್ಲಿ ಕೂತ್ಕೊಂತೀಯ? ಕೂತ್ಕೊಳ್ಳೋರು ಅವ್ರು" ಎಂದರು ಮೇಸ್ತ್ರಿ.

ಹಾಗೇ ಆಯಿತು. ಸಂಜೆಯಾದರೆ ಸರೋಜಮ್ಮ ಅವರೆಕಾಯಿ ಸುಲಿಯಲು ಅಲ್ಲಿಗೇ ಬರುತ್ತಿದ್ದರು. ಬೆಂಗಳೂರಿನ ರೈಲಿಳಿದು ಬಂದವರು ಚೀಲ ಕೆಳಗಿಟ್ಟು ಎರಡು ಮಾತಾಡಿ ಮುಂದೆ ಹೋಗುತ್ತಿದ್ದರು. ಮೇಸ್ತ್ರಿಯೂ ಕೆಲಸದಿಂದ ಮರಳುವಾಗ ಎಲೆಅಡಿಕೆ ಹಾಕಿಕೊಂಡು ಅಲ್ಲಿ ಕೂರುತ್ತಿದ್ದರು.

ಆಮೇಲೆ ನಾನು ಕಾರು ಕೊಂಡೆ. ಗೇಟಿನೊಳಗೆ ತಿರುಗಿಸಲು ಜಗಲಿ ಅಡ್ಡ. ಒಡೆಯಲು ಬೇರೆ ಯಾರನ್ನಾದರೂ ಕರೆಯಬಹುದಿತ್ತು. ನಾನು ಕರೆದದ್ದು ಮೇಸ್ತ್ರಿಯನ್ನೇ. ಆ ದಡ್ಡತನಕ್ಕೆ ಇಂದಿಗೂ ನಾಚುತ್ತೇನೆ.

"ಸರೋಜಮ್ಮನ್ನ ಕೇಳಿದ್ಯಾ?" ಎಂದರು.

"ನಮ್ಮನೆ ಜಗಲಿ, ಅವ್ರನ್ನೇನು ಕೇಳೋದು?"

ಮೇಸ್ತ್ರಿ ಹಾರೆ ಎತ್ತಿಕೊಂಡರು. ಒಂದು ಇಟ್ಟಿಗೆಯೂ ಮುಕ್ಕಾಗದಂತೆ ಬಿಡಿಸಿ, ಪೇರಿಸಿಟ್ಟು ಹೋದರು. ಅಂದಿನಿಂದ ಸರೋಜಮ್ಮ ಕಾಯಿ ಸುಲಿಯುವುದು ಅವರ ಮನೆಯೊಳಗೆ. ನಾವು ಮಾತಾಡಿ ಎಷ್ಟು ದಿನವಾಯಿತೋ ನನಗೇ ನೆನಪಿಲ್ಲ.

ಕಳೆದ ಬೇಸಿಗೆಯಲ್ಲಿ ಮೇಸ್ತ್ರಿ ಆಸ್ಪತ್ರೆಯಿಂದ ನಡೆದು ಬರುತ್ತಾ ನಮ್ಮ ಗೇಟಿನ ಮುಂದೆ ನಿಂತು ಕೂಗಿದರು. "ಲೇ ರವಿ, ಒಂದು ಗಳಿಗೆ ಕೂತು ಹೋಗ್ತೀನಿ ಕಣೋ."

ನಾನು ಮಹಡಿಯ ಕಿಟಕಿಯಲ್ಲಿದ್ದೆ. ಯಾವ ಮುಖ ಹೊತ್ತು ಇಳಿಯಲಿ ಎನ್ನಿಸಿ ಪರದೆಯ ಹಿಂದೆ ಸರಿದೆ. ಅವರು ಗೇಟಿನ ಸರಳು ಹಿಡಿದು ಸ್ವಲ್ಪ ಹೊತ್ತು ನಿಂತರು. ಒಳಗೆ ನಿಂತಿದ್ದ ಕಾರನ್ನು ನೋಡಿದರು. ಆಮೇಲೆ ಬಿಸಿಲಲ್ಲೇ ಹೊರಟರು.

ತಿಂಗಳೊಳಗೆ ತೀರಿಕೊಂಡರು. ಹನ್ನೊಂದನೆಯ ದಿನ ಅವರ ಮನೆಗೆ ಹೋದಾಗ ಮಗಳು ನನಗೆ ಕುರ್ಚಿ ಹಾಕಿದಳು.

"ಅಪ್ಪ ನಿಮ್ಮನ್ನ ನೋಡ್ಬೇಕಂತ ಬಂದಿದ್ದ ಅಣ್ಣ. ನೀವು ಊರಲ್ಲಿರ್ಲಿಲ್ಲಂತೆ. ಕಾರು ತಗೊಂಡು ಎಲ್ಲೋ ಹೋಗಿದ್ರು, ಅಂದ."

"ಹೌದಮ್ಮ, ಇರ್ಲಿಲ್ಲ" ಎಂದೆ.