ಮಾವನ ಹೆಬ್ಬೆರಳು

ಕೂಡ್ಲಿಗಿ ಬಸ್ ನಿಲ್ದಾಣದಲ್ಲಿ ಕೂತಿದ್ದೇನೆ. ಪಕ್ಕದವರು ಅಂಗೈಯಲ್ಲಿ ತಂಬಾಕಿಗೆ ಸುಣ್ಣ ಹಾಕಿ ತಿಕ್ಕುತ್ತಿದ್ದಾರೆ. ಆ ಘಾಟು ಮೂಗಿಗೆ ಬಡಿದದ್ದೇ ತಡ, ನನ್ನ ಕೈ ಹೇಳದೆ ಕೇಳದೆ ಜೇಬಿಗೆ ಹೋಯಿತು. ಅಲ್ಲಿ ಈಗ ಅಡಿಕೆಪುಡಿಯ ಚೀಟಿಯಿಲ್ಲ, ಒಂದು ಪೆನ್ನಿದೆ, ಅಷ್ಟೆ.

ಹೊಸಹಳ್ಳಿಯ ನನ್ನ ಸೋದರಮಾವ ಕುರಿ ವ್ಯಾಪಾರದವನು. ಸಂತೆಯಲ್ಲಿ ಕುರಿಯ ದವಡೆ ಹಿಡಿದು, ಹೆಬ್ಬೆರಳಿನಿಂದ ತುಟಿ ಸರಿಸಿ, ಹಲ್ಲು ನೋಡಿ ವಯಸ್ಸು ಹೇಳುತ್ತಿದ್ದ. ಊರ ಕುರಿಗಳ ಬಾಯಿಯನ್ನೆಲ್ಲ ನೋಡಿದವನು ತನ್ನದನ್ನು ಮಾತ್ರ ನೋಡಿಕೊಳ್ಳಲಿಲ್ಲ. ಎಡಗೆನ್ನೆಯಲ್ಲಿ ಸದಾ ತಂಬಾಕು. ಅಲ್ಲಿ ಹುಣ್ಣಾದಾಗ ಹಲ್ಲು ತಾಗಿ ಆದದ್ದೆಂದು ಸುಮ್ಮನಿದ್ದ. ರೊಟ್ಟಿಯ ತುತ್ತಿಗೂ ಬಾಯಿ ತೆರೆಯದಾದ ಮೇಲೆ ಆಸ್ಪತ್ರೆಗೆ ಹೋದ.

ಕ್ಯಾನ್ಸರ್ ಎಂದು ದವಡೆಯ ಒಂದು ತುಂಡನ್ನೇ ತೆಗೆದರು. ಮರಳಿ ಬರುತ್ತದೋ ಇಲ್ಲವೋ ಮೊದಲ ಎರಡು ಮೂರು ವರ್ಷ ಕಾದು ನೋಡಬೇಕು, ನೋವಿಲ್ಲದಿದ್ದರೂ ತಪ್ಪದೆ ತೋರಿಸಲು ಬನ್ನಿ ಎಂದರು ಡಾಕ್ಟರು. ಪಕ್ಕದ ಹಾಸಿಗೆಯಲ್ಲಿ ಹಂಪಸಾಗರದವರೊಬ್ಬರಿದ್ದರು. ಅವರದು ಆಗಲೇ ಕುತ್ತಿಗೆಗೆ ಇಳಿದಿತ್ತು. ಇಬ್ಬರಿಗೂ ಆಪರೇಶನ್ ಆಯಿತು, ಇಬ್ಬರೂ ಮನೆಗೆ ಬಂದರು, ಫೋನಿನಲ್ಲಿ ಗಂಜಿಯ ರುಚಿಯ ಬಗ್ಗೆ ಮಾತಾಡಿಕೊಂಡರು. ಮುಂದಿನ ಸುಗ್ಗಿಗೆ ಅವರು ತೀರಿಕೊಂಡ ಸುದ್ದಿ ಬಂತು. ಮಾವ ಆ ದಿನ ಊಟ ಮಾಡಲಿಲ್ಲ. "ಅಂವ ನನಗಿಂತ ಗಟ್ಟಿ ಆಳು. ಬರೋದು ತಡ ಮಾಡಿದ್ದ, ಅಷ್ಟ," ಎಂದ.

ಅಲ್ಲಿಂದ ಅವನಿಗೆ ಮನುಷ್ಯರ ಬಾಯಿ ನೋಡುವ ಹುಚ್ಚು ಹಿಡಿಯಿತು. ಮದುವೆ ಮನೆಯಲ್ಲಿ ಅವನನ್ನು ಕಂಡರೆ ಬೀಗರೆಲ್ಲ ಬಾಯಿ ಮುಚ್ಚಿ ನಗುತ್ತಿದ್ದರು. ನಾನೂ ನಗುತ್ತಿದ್ದೆ, ನನ್ನ ಸರದಿ ಬರುವವರೆಗೆ. ಕಚೇರಿಯಲ್ಲಿ ಕೂತು ಅಡಿಕೆಪುಡಿ ಮೆಲ್ಲುವುದನ್ನು ನಾನು ಚಟವೆಂದು ಎಣಿಸಿಯೇ ಇರಲಿಲ್ಲ ನೋಡಿ.

"ನಾನೇನು ಟಗರಾ ಮಾವಾ?" ಎಂದೆ.

"ಟಗರಾಗಿದ್ರ ಸುಮ್ನ ಬಾಯಿ ತಗೀತಿತ್ತು," ಎಂದು ದವಡೆ ಹಿಡಿದೇ ಬಿಟ್ಟ. ಒಳಗೆ ನೋಡಿದವನ ಮುಖ ಇಳಿಯಿತು. "ಬೆಳ್ಳಗ ಐತಲೇ. ನಾಳಿ ಹೋಗೂಣು."

ಇನ್ನೂ ಕ್ಯಾನ್ಸರ್ ಅಲ್ಲ, ಆದರೆ ಅದರ ದಾರಿ ಹಿಡಿದಿದೆ, ಇವತ್ತೇ ಬಿಡಿ ಎಂದರು ಡಾಕ್ಟರು. ಹೆದರಿ ಬಿಟ್ಟೆ. ಮಾವನ ಕಾದು ನೋಡುವ ವರ್ಷಗಳು ಕಳೆದು ಬಹಳ ಕಾಲವಾಯಿತು, ನನ್ನವು ಈಗ ನಡೆದಿವೆ. ಇವತ್ತು ಮತ್ತೆ ತೋರಿಸುವ ದಿನ. ರಾತ್ರಿ ಸರಿಯಾಗಿ ನಿದ್ದೆ ಬಂದಿಲ್ಲ.

ಹೊಸಹಳ್ಳಿಯ ಬಸ್ಸು ಬಂತು. ಸೊಟ್ಟ ಕೆನ್ನೆಯ ಮಾವ ಇಳಿದು ನೇರ ನನ್ನ ಬಳಿ ಬಂದ. ಅವನು ಕೈ ಎತ್ತುವ ಮುಂಚೆಯೇ, ಅಷ್ಟೂ ಜನರ ಎದುರು, ನಾನು ಬಾಯಿ ತೆರೆದು ನಿಂತೆ.