ತೂರಾನ್ ಖಾನುಂ ಹೇಳಿದ ಒಂದು ಹೂಂ

ತೂರಾನ್ ಮದುವೆಯಾಗಿ ಟೆಹರಾನಿನ ಆ ಮನೆಗೆ ಬಂದದ್ದು ಕ್ರಾಂತಿಯಾದ ವರ್ಷ. ದೇಶದಿಂದ ದೊರೆ ಓಡಿಹೋದ. ಮನೆಯಲ್ಲಿ ಮಾತ್ರ ಗಂಡ ಹೂಷಂಗ್ ದೊರೆಯಾಗಿಯೇ ಉಳಿದ. ಅಂದಿನಿಂದ ಈ ಮುಪ್ಪಿನವರೆಗೂ ಪ್ರತಿ ಶುಕ್ರವಾರ ಬೆಳಿಗ್ಗೆ ಅವನ ಗೆಳೆಯರಾದ ಅತಾ ಮತ್ತು ಫರ್ಹಂಗ್ ಬರುತ್ತಾರೆ, ಊಟ ಮುಗಿಸಿಯೇ ಏಳುತ್ತಾರೆ. ಊಟವೆಂದರೆ ಗೊರ್ಮೆ ಸಬ್ಜಿ, ಮಾಂಸ ಹಾಕಿದ ಸೊಪ್ಪಿನ ಸಾರು. ಗುಡ್ಡದಷ್ಟು ಸೊಪ್ಪು ಬಿಡಿಸಿ, ತೊಳೆದು, ಹೆಚ್ಚಿ, ಹುರಿದರೆ ಬಾಣಲೆಯ ತಳದಲ್ಲಿ ಒಂದು ಹಿಡಿ ಉಳಿಯುತ್ತದೆ. ಗಂಡಸರ ಕಣ್ಣಿಗೆ ಬೀಳುವುದು ಆ ಹಿಡಿ ಮಾತ್ರ.

ಈ ಶುಕ್ರವಾರ ಅವಳ ಮನಸ್ಸೆಲ್ಲ ದರಕೆ ಬೆಟ್ಟದ ಮೇಲಿತ್ತು. ತಂಗಿ ಮಾಹ್‌ರುಖ್ ವಾರವಾರವೂ ಗೆಳತಿಯರ ಜೊತೆ ಬೆಟ್ಟ ಹತ್ತುತ್ತಾಳೆ, ವಾರವಾರವೂ ಅಕ್ಕನನ್ನು ಕರೆಯುತ್ತಾಳೆ. "ಈ ಸಲನೂ ಬರ್ಲಿಲ್ಲ ಅಂದ್ರೆ ಇನ್ಮೇಲೆ ಕರೆಯೋದೇ ಇಲ್ಲ ನೋಡಕ್ಕ," ಎಂದಿದ್ದಳು. ಅವಳ ಕಾರು ಬರುವ ಹೊತ್ತಾಗಿತ್ತು. ಸೊಪ್ಪಿನ ರಾಶಿ ಹಾಗೇ ಬಿದ್ದಿತ್ತು.

ನಡುಮನೆಯಲ್ಲಿ ಎಂದಿನ ಮಾತಿಗೆ ಕಾವೇರಿತ್ತು.

"ಅಮೆರಿಕದವ್ರು ಓಡಿಹೋದ ಷಾನನ್ನ ತಮ್ಮ ಆಸ್ಪತ್ರೆಗೆ ಸೇರಿಸ್ಕೊಳ್ದೇ ಇದ್ದಿದ್ರೆ, ನಮ್ಮ ಹುಡುಗ್ರು ಅವರ ರಾಯಭಾರ ಕಚೇರಿಗೆ ನುಗ್ತಾನೇ ಇರ್ಲಿಲ್ಲ," ಎಂದ ಅತಾ.

"ಆಮೇಲೂ ದಾರಿ ಇತ್ತು ಕಣಯ್ಯ. ಮಾತಾಡೋಕೆ ಜನ ಕಳಿಸಿದ್ರಲ್ಲ, ನಾವು ಒಲ್ಲೆ ಅಂದ್ವಿ," ಎಂದ ಫರ್ಹಂಗ್.

ಹೂಷಂಗ್ ತೊಡೆ ತಟ್ಟಿದ. "ಮೊದಲ್ನೇ ಸಲಕ್ಕೆ ಒಪ್ಕೊಳ್ಳೋನು ಇರಾನಿನೋನೇನಯ್ಯ? ಮೂರು ಸಲ ಕೇಳ್ಬೇಕು! ತಾರೋಫ್ ಗೊತ್ತಿಲ್ಲದ ಜನ!"

"ಯಾರಾದ್ರೂ ಒಂದು ಹೂಂ ಅಂದಿದ್ರೆ ಲೋಕಾನೇ ಬೇರೆ ಆಗ್ತಿತ್ತು," ಎಂದು ಫರ್ಹಂಗ್ ನಿಟ್ಟುಸಿರಿಟ್ಟ.

ತೂರಾನ್ ಚಹಾ ತಂದಿಟ್ಟಳು. ಫರ್ಹಂಗ್ ಎಂದಿನಂತೆ ಅರ್ಧ ಎದ್ದ. "ನಿಮ್ಮ ಕೈ ನೋಯದಿರ್ಲಿ ಖಾನುಂ. ನಾವೇನಾದ್ರೂ ಕೈ ಹಚ್ಚೋಣ್ವಾ?"

ಅದೂ ತಾರೋಫೇ, ಬರೀ ಉಪಚಾರ. ಛೆ ಛೆ, ನೀವು ಕೂತ್ಕೊಳ್ಳಿ ಎನ್ನಬೇಕು. ಇಷ್ಟು ವರ್ಷವೂ ಅವಳು ಅದನ್ನೇ ಹೇಳಿದ್ದಳು.

"ಹೂಂ," ಎಂದಳು.

ಅರ್ಧ ಎದ್ದವನು ಅರ್ಧಕ್ಕೇ ನಿಂತ. ಅಷ್ಟರಲ್ಲಿ ಅವಳು ನಡುವೆ ಬಟ್ಟೆ ಹಾಸಿ ಸೊಪ್ಪು ಸುರಿದಾಗಿತ್ತು. "ಮೆಂತ್ಯದ ಕಡ್ಡಿ ಬೇಡ, ಎಲೆ ಮಾತ್ರ. ಮಾಂಸ ಒಲೆ ಮೇಲೆ ಬೇಯ್ತಿದೆ. ಸೊಪ್ಪು ಹುರಿದು ಅದಕ್ಕೆ ಹಾಕಿ."

"ಏ ತೂರಾನ್! ಅವನು ಸುಮ್ನೆ ಬಾಯಿಮಾತಿಗೆ ಕೇಳಿದ್ದು ಕಣೇ!"

"ನೀವೇ ತಾನೇ ಹೇಳ್ತಿದ್ದಿದ್ದು, ಒಂದು ಹೂಂ ಸಾಕಿತ್ತು ಅಂತ? ಅಂದೆ."

ಅತಾ ಹೊಟ್ಟೆ ಹಿಡಿದುಕೊಂಡು ನಕ್ಕ. "ಸೋತೆ ಅಂತ ಒಪ್ಕೊಂಡ್ಬಿಡು ಮಾರಾಯ," ಎನ್ನುತ್ತ ಅಂಗಿಯ ತೋಳು ಮಡಚಿ ಮೊದಲ ಕಟ್ಟು ಬಿಚ್ಚಿದ. ಹೊರಗೆ ಕಾರು ಹಾರ್ನ್ ಹೊಡೆಯಿತು.

ದರಕೆಯ ತೊರೆಯ ಪಕ್ಕ ಅಕ್ಕತಂಗಿಯರು ಹಿಪ್ಪುನೇರಳೆ ಹಣ್ಣು ತಿನ್ನುತ್ತ ಕೂತಿದ್ದಾಗ ಹೂಷಂಗನ ಫೋನ್ ಬಂತು. ದನಿಯಲ್ಲಿ ಗಾಬರಿಯಿತ್ತು.

"ತೂರಾನ್, ಏನೋ ಎಡವಟ್ಟಾಗಿದೆ ಕಣೇ. ಮೂರು ಜನ ಕೂತು ಬಿಡಿಸಿದ್ವಿ, ಅಷ್ಟು ದೊಡ್ಡ ರಾಶಿ! ಬಾಣಲೇಲಿ ನೋಡಿದ್ರೆ ಒಂದೇ ಒಂದು ಹಿಡಿ ಇದೆ. ಮಿಕ್ಕಿದ್ದೆಲ್ಲ ಎಲ್ಲಿಗೆ ಹೋಯ್ತು?"

ತೂರಾನಳಿಗೆ ನಗು ಉಕ್ಕಿತು. ಫೋನನ್ನು ತಂಗಿಯ ಕೈಗಿಟ್ಟಳು.